ಮರಳು ನೆಲಕ್ಕೆ ಬಯೋಚಾರೋ, ಕೊಟ್ಟಿಗೆ ಗೊಬ್ಬರವೋ?

ಪ್ರಶ್ನೆ: ನನ್ನದು ಮೂರು ಎಕರೆ ಮರಳು ಮಿಶ್ರಿತ ಕೆಂಪು ಜಮೀನು. ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್; 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಹೆಚ್ಚಿದ್ದರೆ ಕ್ಷಾರ) 5.6, ಸಾವಯವ ಇಂಗಾಲ ಶೇ. 0.4 ಬಂದಿದೆ. ಪ್ರತಿ ವರ್ಷ ಕೊಟ್ಟಿಗೆ ಗೊಬ್ಬರ ಹಾಕುತ್ತೇನೆ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಬಯೋಚಾರ್ (ಗಾಳಿ ಹೆಚ್ಚು ಸಿಗದಂತೆ ಕಟ್ಟಿಗೆ ಸುಟ್ಟು ಮಾಡಿದ, ಮಣ್ಣಿಗೆ ಹಾಕುವ ಇದ್ದಿಲು) ಒಂದು ಸಲ ಹಾಕಿದರೆ ನೂರಾರು ವರ್ಷ ಇರುತ್ತದೆ, ಮತ್ತೆ ಗೊಬ್ಬರವೇ ಬೇಡ ಎಂದು ಕೇಳಿದ್ದೇನೆ. ಪಕ್ಕದ ಹೊಲದವರು ಕಳೆದ ಸಲ ಹಾಕಿದರು, ಮೆಕ್ಕೆಜೋಳ ಹಳದಿಯಾಗಿ ಕುಳ್ಳಗೆ ನಿಂತುಬಿಟ್ಟಿತು. ಹಾಗಾದರೆ ಯಾವುದು ಸರಿ? ನನ್ನ ಹತ್ತಿರ ಮೆಕ್ಕೆಜೋಳದ ದಂಟು, ಬೇಲಿ ಮರ ಸವರಿದ ಕೊಂಬೆ ಸಾಕಷ್ಟಿವೆ. ನಾನೇ ಸುಟ್ಟು ಮಾಡಿಕೊಳ್ಳಬಹುದಾ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಗೊಬ್ಬರ ಬಿಟ್ಟು ಬಯೋಚಾರ್ ಹಾಕಬೇಡಿ. ಗೊಬ್ಬರದೊಳಗೇ ಕಲಸಿ, ಅದರ ಜೊತೆಗೆ ಹಾಕಿ. ನಿಮ್ಮ ಮಣ್ಣು ಹುಳಿ ಇದೆ, ಮರಳೂ ಜಾಸ್ತಿ ಇದೆ. ಬಯೋಚಾರ್‌ನಿಂದ ಪ್ರಯೋಜನ ಸಿಗುವುದು ಇಂಥ ನೆಲದಲ್ಲೇ. ಆದರೆ ಮೂರೂ ಎಕರೆಗೆ ಒಂದೇ ಸಲ ಎರಚುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಪಕ್ಕದ ಹೊಲದಲ್ಲಿ ಆದದ್ದು ನಿಮ್ಮಲ್ಲೂ ಆಗಬಾರದು ಅಲ್ವಾ? ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಮೆಕ್ಕೆಜೋಳದಿಂದಲೇ ಶುರು ಮಾಡೋಣ. ಬೆಳೆ ಹಳದಿಯಾಗಲು ಹತ್ತು ಕಾರಣ ಇರಬಹುದು. ಆದರೆ ಆಗಷ್ಟೇ ಸುಟ್ಟು ತೆಗೆದ ಬಯೋಚಾರನ್ನು ಹಾಗೇ ಮಣ್ಣಿಗೆ ಸೇರಿಸಿದಾಗ ಮೊದಲ ಬೆಳೆ ಸೊರಗುವುದು ನಾನು ಪದೇ ಪದೇ ಕೇಳುವ ದೂರು. ಎಲೆ ನೋಡಿದರೆ ಕಾರಣದ ಸುಳಿವು ಸಿಗುತ್ತದೆ. ಕೆಳಗಿನ ಹಳೆಯ ಎಲೆ ತುದಿಯಿಂದ ಹಳದಿಯಾಗಿ, ಆ ಹಳದಿ ನಡುದಿಂಡಿನ ಗುಂಟ ಚೂಪಾಗಿ ಒಳಕ್ಕೆ ಇಳಿದಿದ್ದರೆ ಸಾರಜನಕದ ಕೊರತೆ. ಮೇಲಿನ ಎಳೆಯ ಎಲೆಗಳ ಬುಡದಲ್ಲಿ, ನಡುದಿಂಡಿನ ಎರಡೂ ಪಕ್ಕ ಬಿಳಿಚಿದ ಪಟ್ಟಿ ಕಂಡರೆ ಸತುವಿನ ಕೊರತೆ.

ಹಸಿ, ಅಂದರೆ ಗೊಬ್ಬರದಲ್ಲಿ ಮಾಗಿಸದ, ಬಯೋಚಾರ್ ಈ ಎರಡನ್ನೂ ತರಬಲ್ಲದು. ಹೊಸ ಇದ್ದಿಲಿನ ರಂಧ್ರಗಳೆಲ್ಲ ಖಾಲಿ ಇರುತ್ತವೆ. ಮಣ್ಣಿನಲ್ಲಿರುವ ಸಾರಜನಕದಲ್ಲಿ ಒಂದಷ್ಟನ್ನು ಅದು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಇದ್ದಿಲು ಅರೆಬೆಂದದ್ದಾದರೆ ಇನ್ನೂ ಕಷ್ಟ. ಅದರಲ್ಲಿ ಉಳಿದ ಎಣ್ಣೆಯಂಥ ಅಂಶವನ್ನು ತಿನ್ನಲು ಸೂಕ್ಷ್ಮಜೀವಿಗಳು ಮುಗಿಬೀಳುತ್ತವೆ. ಅವಕ್ಕೂ ಸಾರಜನಕ ಬೇಕು, ಅದನ್ನು ಮಣ್ಣಿನಿಂದಲೇ ತೆಗೆಯುತ್ತವೆ. ಅಷ್ಟು ದಿನ ಪೈರು ಹಸಿದುಕೊಂಡಿರುತ್ತದೆ. ಸತುವಿನ ವಿಚಾರ ಬೇರೆ. ಇದ್ದಿಲಿನ ಜೊತೆ ಬೂದಿ ಬರುತ್ತದೆ, ಬೂದಿ ರಸಸಾರವನ್ನು ಏರಿಸುತ್ತದೆ. ಮಣ್ಣು ಮೊದಲೇ ಕ್ಷಾರದ ಕಡೆ ಇದ್ದರೆ ಸತು, ಕಬ್ಬಿಣ ಎರಡೂ ಬೇರಿಗೆ ಸಿಗದಂತೆ ಕಟ್ಟಿಕೊಂಡು ಕೂರುತ್ತವೆ.

ಅಂದರೆ ಬಯೋಚಾರ್ ಖಾಲಿ ಕಣಜ ಇದ್ದಂತೆ. ಒಳಗೆ ಕಾಳು ತುಂಬುವುದು ಗೊಬ್ಬರದ ಕೆಲಸ. ಇದೊಂದು ಸ್ಪಷ್ಟವಾದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಗೊಬ್ಬರ ಎಲ್ಲಿ ಹೋಗುತ್ತದೆ?

ನೀವು ಹಾಕಿದ ಗೊಬ್ಬರ ಕಾಣದೇ ಹೋಗಿದ್ದಕ್ಕೆ ಬೇಸರ ಪಟ್ಟುಕೊಂಡಿದ್ದೀರಿ. ಅದು ವ್ಯರ್ಥವಾಗಿ ಹೋಗಿಲ್ಲ. ಮಣ್ಣಿನ ಜೀವಿಗಳು ಅದನ್ನು ತಿಂದವು. ತಿನ್ನುವಾಗ ಇಂಗಾಲದ ಬಹುಪಾಲು ಗಾಳಿಗೆ ಸೇರಿತು, ಪೋಷಕಾಂಶ ಬೆಳೆಗೆ ಸಿಕ್ಕಿತು. ಆ ಜೀವಿಗಳು ಬಿಡುವ ಅಂಟಿನಿಂದಲೇ ಮಣ್ಣಿನ ಕಣಗಳು ಒಂದಕ್ಕೊಂದು ಹಿಡಿದುಕೊಂಡು ಹರಳು ಹರಳಾಗಿ ನಿಲ್ಲುತ್ತವೆ. ಗೊಬ್ಬರ ಕರಗದೆ ಹಾಗೇ ಉಳಿದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 900 ಟನ್ ತೂಗುತ್ತದೆ. ಸಾವಯವ ಇಂಗಾಲವನ್ನು ಶೇ. 0.4ರಿಂದ 0.5ಕ್ಕೆ ಏರಿಸಬೇಕು ಅಂದರೆ 900 ಕೆಜಿ ಇಂಗಾಲ ಅಲ್ಲಿ ಉಳಿಯಬೇಕು. ಈಗ 10 ಟನ್ ಕೊಟ್ಟಿಗೆ ಗೊಬ್ಬರ ತಗೊಳ್ಳಿ. ಅದರಲ್ಲಿ ಅರ್ಧ ನೀರು. ಉಳಿದ ಒಣ ಭಾಗದಲ್ಲಿ ಇಂಗಾಲ ಹೆಚ್ಚೆಂದರೆ ಒಂದೂವರೆ ಟನ್. ಬಿಸಿಲು ಜಾಸ್ತಿ ಇರುವ ಕಡೆ ಕೆಲವು ವರ್ಷಗಳಲ್ಲಿ ಅದರ ಹೆಚ್ಚಿನ ಪಾಲು ಕರಗಿಹೋಗಿ, ಉಳಿಯುವುದು ಅಂದಾಜು 150ರಿಂದ 300 ಕೆಜಿ. ಮರಳು ನೆಲದಲ್ಲಿ ಇನ್ನೂ ಕಡಿಮೆ. ಯಾಕೆಂದರೆ ಜೇಡಿಕಣಗಳು ಸಾವಯವ ಪದಾರ್ಥವನ್ನು ತಮ್ಮ ನಡುವೆ ಅಡಗಿಸಿಕೊಂಡು ಕಾಪಾಡುತ್ತವೆ. ಮರಳಿಗೆ ಆ ಗುಣ ಇಲ್ಲ. ಜೊತೆಗೆ ಪದೇ ಪದೇ ಉಳುಮೆ ಮಾಡಿದರೆ ಗಾಳಿ ಆಡಿ ಇನ್ನೂ ಬೇಗ ಕರಗುತ್ತದೆ.

ಹಾಗಂತ ಗೊಬ್ಬರ ಪೂರ್ತಿ ಮಾಯವಾಗುತ್ತದೆ ಎನ್ನುವುದೂ ಸರಿಯಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಒಂದು ಹೊಲದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 35 ಟನ್‌ನಂತೆ ಕೊಟ್ಟಿಗೆ ಗೊಬ್ಬರ ಹಾಕುತ್ತಾ ಬಂದಿದ್ದಾರೆ. ಗೊಬ್ಬರ ಕಾಣದ ಪಕ್ಕದ ತಾಕಿಗಿಂತ ಅಲ್ಲಿ ಸಾವಯವ ಇಂಗಾಲ ಎರಡು ಪಟ್ಟಿಗೂ ಜಾಸ್ತಿ ಇದೆ. ಅದೇ ಕೇಂದ್ರದ ಇನ್ನೊಂದು ತಾಕಿಗೆ 1852ರಿಂದ 1871ರವರೆಗೆ ಗೊಬ್ಬರ ಹಾಕಿ ಆಮೇಲೆ ನಿಲ್ಲಿಸಿದರು. ನೂರು ವರ್ಷ ಕಳೆದ ಮೇಲೂ ಅಲ್ಲಿನ ಮಣ್ಣಿನಲ್ಲಿ ಇಂಗಾಲ ಅಕ್ಕಪಕ್ಕಕ್ಕಿಂತ ಹೆಚ್ಚೇ ಸಿಕ್ಕಿದೆ. ಅದು ತಂಪು ಹವೆಯ ನಾಡು, ಬಿಸಿ ನೆಲಕ್ಕೆ ಆ ಅಂಕಿ ನೇರವಾಗಿ ಒಗ್ಗುವುದಿಲ್ಲ. ಆದರೂ ಹಿಡಿದ ಹಟ ಬಿಡದೆ ಹಾಕಿದ ಗೊಬ್ಬರ ಮಣ್ಣಿನಲ್ಲಿ ಗುರುತು ಬಿಟ್ಟೇ ಹೋಗುತ್ತದೆ.

ಪೋಷಕಾಂಶದ ವಿಷಯಕ್ಕೆ ಬಂದರೆ ಬಯೋಚಾರ್ ಗೊಬ್ಬರದ ಹತ್ತಿರಕ್ಕೂ ಬರುವುದಿಲ್ಲ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5. ಅಂದರೆ 10 ಟನ್‌ಗೆ 50 ಕೆಜಿ. ಅದರಲ್ಲಿ ಮೂರನೇ ಒಂದು ಭಾಗದಷ್ಟು ಮೊದಲ ವರ್ಷವೇ ಬೆಳೆಗೆ ಸಿಗುತ್ತದೆ, ಉಳಿದದ್ದು ನಿಧಾನಕ್ಕೆ. ಕಟ್ಟಿಗೆಯನ್ನೋ ದಂಟನ್ನೋ ಸುಟ್ಟು ಇದ್ದಿಲು ಮಾಡಿದಾಗ ಅದರಲ್ಲಿದ್ದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೊಗೆಯಾಗಿ ಹೋಗಿರುತ್ತದೆ. ಉಳಿದದ್ದೂ ಇದ್ದಿಲಿನೊಳಗೆ ಗಟ್ಟಿಯಾಗಿ ಸೇರಿಕೊಂಡಿರುತ್ತದೆ, ಬೇರಿಗೆ ಎಟುಕುವುದಿಲ್ಲ. ಪೊಟ್ಯಾಷ್, ರಂಜಕ, ಸುಣ್ಣದ ಅಂಶ ಮಾತ್ರ ಬೂದಿಯಲ್ಲಿ ಉಳಿಯುತ್ತವೆ. ಕೋಳಿ ಗೊಬ್ಬರದಿಂದ ಮಾಡಿದ ಬಯೋಚಾರ್‌ನಲ್ಲಿ ರಂಜಕ ಚೆನ್ನಾಗಿರುತ್ತದೆ ನಿಜ. ಆದರೆ ಕೋಳಿ ಗೊಬ್ಬರವನ್ನು ಸುಟ್ಟು ಸಾರಜನಕ ಕಳೆದುಕೊಳ್ಳುವುದು ನನಗಂತೂ ಒಪ್ಪುವುದಿಲ್ಲ.

ಬಯೋಚಾರ್‌ನ ನಿಜವಾದ ಬಲ

ಗಾಳಿ ಸಾಕಷ್ಟು ಸಿಗದಂತೆ 350ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯಲ್ಲಿ ಕಟ್ಟಿಗೆ ಕರಕಾದಾಗ ಅದರ ಇಂಗಾಲದ ಕಣಗಳು ಉಂಗುರ ಉಂಗುರವಾಗಿ ಬೆಸೆದುಕೊಳ್ಳುತ್ತವೆ. ಈ ಉಂಗುರವನ್ನು ಒಡೆಯುವುದು ಸೂಕ್ಷ್ಮಜೀವಿಗಳಿಗೆ ತುಂಬಾ ಕಷ್ಟ. ಅದಕ್ಕೇ ಚೆನ್ನಾಗಿ ಬೆಂದ ಬಯೋಚಾರ್‌ನ ಬಹುಪಾಲು ನೂರಾರು ವರ್ಷ ಮಣ್ಣಿನಲ್ಲೇ ಇರುತ್ತದೆ. ನೀವು ಕೇಳಿದ ಆ ಮಾತು ಸುಳ್ಳಲ್ಲ. ಒಂದು ಟನ್ ಮರದ ಬಯೋಚಾರ್ ಹಾಕಿದರೆ ಸುಮಾರು 700 ಕೆಜಿ ಇಂಗಾಲ ಸೇರುತ್ತದೆ, ಹೆಚ್ಚುಕಮ್ಮಿ ಅಷ್ಟೂ ಉಳಿಯುತ್ತದೆ. 10 ಟನ್ ಗೊಬ್ಬರದಿಂದ ಉಳಿಯುವ ಇಂಗಾಲದ ಎರಡು ಪಟ್ಟಿಗಿಂತ ಇದು ಜಾಸ್ತಿ.

ಆದರೆ ಆ ಒಂದು ಟನ್ ಮಾಡಲು ಎಷ್ಟು ಕಟ್ಟಿಗೆ ಬೇಕು ಗೊತ್ತಾ? ಒಣಗಿದ ತೂಕದಲ್ಲಿ ನಾಲ್ಕೈದು ಟನ್. ಹೊಲದ ಗುಂಡಿಯಲ್ಲಿ ಮಾಡಿದರೆ ಐದು ಟನ್ ಎಂದೇ ಹಿಡಿಯಿರಿ. ಎಕರೆಗೆ ಒಂದು ಟನ್ ಬಯೋಚಾರ್‌ನಂತೆ ಮೂರು ಎಕರೆಗೆ ಹದಿನೈದು ಟನ್ ಒಣ ಕಟ್ಟಿಗೆ. ಸಾಕಷ್ಟಿದೆ ಅಂದಿರಿ, ಒಮ್ಮೆ ತೂಗಿ ನೋಡಿ. ಮಾರುವವರು ಎಕರೆಗೆ ನಾಲ್ಕು ಟನ್, ಎಂಟು ಟನ್ ಹಾಕಿ ಎನ್ನುವಾಗ ಈ ಲೆಕ್ಕ ಹೇಳುವುದಿಲ್ಲ.

ನೀರು ಹಿಡಿದಿಡುತ್ತದೆ ಎನ್ನುವ ಮಾತಿಗೂ ಇದೇ ಥರ ಲೆಕ್ಕ ಹಾಕಬೇಕು. ಮರದ ಬಯೋಚಾರ್ ತನ್ನ ತೂಕದ ಎರಡರಷ್ಟು ನೀರು ಹಿಡಿಯುತ್ತದೆ ಎಂದುಕೊಳ್ಳೋಣ. ಎಕರೆಗೆ ಒಂದು ಟನ್ ಎರಚಿದರೆ ಅದು ಹಿಡಿಯುವುದು 2,000 ಲೀಟರ್. ಕೇಳಲು ದೊಡ್ಡದು. ಎಕರೆಯ ಮೇಲೆ ಹರಡಿದರೆ ಅದು ಅರ್ಧ ಮಿಲಿಮೀಟರ್ ಮಳೆ! ಬಿಸಿಲಿನ ದಿನ ಬೆಳೆದು ನಿಂತ ಪೈರು ದಿನಕ್ಕೆ ನಾಲ್ಕೈದು ಮಿಲಿಮೀಟರ್ ನೀರು ಕುಡಿಯುತ್ತದೆ. ಹಾಗಾಗಿ ಹೊಲಕ್ಕೆಲ್ಲ ತೆಳ್ಳಗೆ ಎರಚಿ ಬರ ತಡೆಯುತ್ತೇನೆ ಅಂದುಕೊಳ್ಳಬೇಡಿ. ಅದೇ ಬಯೋಚಾರನ್ನು ಬೇರು ಇರುವ ಜಾಗಕ್ಕೆ ಮಾತ್ರ, ಗುಣಿಗೋ ಸಾಲಿಗೋ ಒತ್ತಾಗಿ ಹಾಕಿದರೆ ಅಲ್ಲಿ ಫರಕು ಕಾಣುತ್ತದೆ. ನನ್ನ ಸಲಹೆ ಪೂರ್ತಿ ನಿಂತಿರುವುದು ಈ ಮಾತಿನ ಮೇಲೆ.

ಬಯೋಚಾರ್ ಬಗ್ಗೆ ಓದುವಾಗ ಅಮೆಜಾನ್ ಕಾಡಿನ ಕಪ್ಪು ಮಣ್ಣಿನ ಉದಾಹರಣೆ ಬರದೇ ಇರುವುದಿಲ್ಲ. ಅಲ್ಲಿನ ಸಹಜ ಮಣ್ಣು ಹಳದಿ ಕೆಂಪು, ಹುಳಿ, ಸಾರ ಇಲ್ಲದ್ದು. ಅದರ ನಡುನಡುವೆ ಯೂರೋಪಿನವರು ಬರುವ ಮೊದಲೇ ಅಲ್ಲಿನ ಜನ ವಾಸವಿದ್ದ ಕಡೆಗಳಲ್ಲಿ ಕಡು ಕಪ್ಪು ಮಣ್ಣಿನ ತುಂಡುಗಳಿವೆ. 'ಟೆರಾ ಪ್ರೆಟಾ' ಎಂದು ಕರೆಯುತ್ತಾರೆ. ಡಚ್ ಮಣ್ಣು ವಿಜ್ಞಾನಿ ವಿಮ್ ಸೊಂಬ್ರೂಕ್ 1966ರಲ್ಲಿ ಅದರ ಬಗ್ಗೆ ಬರೆದ ಮೇಲೆ ವಿಜ್ಞಾನಿಗಳ ಗಮನ ಆ ಕಡೆ ಹರಿಯಿತು. ಇವತ್ತಿಗೂ ಆ ತುಂಡುಗಳು ಸುತ್ತಲಿನ ನೆಲಕ್ಕಿಂತ ಫಲವತ್ತಾಗಿವೆ. ಇದನ್ನು ತೋರಿಸಿ, ನೋಡಿ ಇದ್ದಿಲಿನ ಮಹಿಮೆ ಎನ್ನುತ್ತಾರೆ. ಆದರೆ ಆ ಮಣ್ಣನ್ನು ಕೆದಕಿದರೆ ಇದ್ದಿಲಿನ ಜೊತೆ ಮೀನಿನ ಮುಳ್ಳು, ಪ್ರಾಣಿಗಳ ಮೂಳೆ, ಬೂದಿ, ಮಡಕೆ ಚೂರು, ಮನೆಯ ಕಸ ಎಲ್ಲ ಸಿಗುತ್ತದೆ. ಅಲ್ಲಿನ ರಂಜಕ, ಸುಣ್ಣ ಬಂದದ್ದು ಇವುಗಳಿಂದ. ತಲೆಮಾರುಗಟ್ಟಲೆ ಜನ ಇದ್ದಿಲನ್ನೂ ಗೊಬ್ಬರವನ್ನೂ ಒಟ್ಟೊಟ್ಟಿಗೆ ಸುರಿದ ಜಾಗ ಅದು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಹಳೆಯ ಉತ್ತರ ನನಗೆ ಗೊತ್ತಿಲ್ಲ.

ಯಾವ ಮಣ್ಣಿಗೆ ಒಗ್ಗುತ್ತದೆ?

ಜಗತ್ತಿನ ಬೇರೆ ಬೇರೆ ಕಡೆಯ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ ಒಂದು ವಿಶ್ಲೇಷಣೆ 2017ರಲ್ಲಿ ಪ್ರಕಟವಾಯಿತು. ಉಷ್ಣವಲಯದಲ್ಲಿ ಬಯೋಚಾರ್‌ನಿಂದ ಇಳುವರಿ ಸರಾಸರಿ ಶೇ. 25ರಷ್ಟು ಏರಿತ್ತು. ಸಮಶೀತೋಷ್ಣ ವಲಯದಲ್ಲಿ ಸರಾಸರಿ ಏನೂ ಲಾಭ ಕಾಣಲಿಲ್ಲ. ಕಾರಣ ಸರಳ. ಉಷ್ಣವಲಯದ ಆ ಮಣ್ಣುಗಳು ಹೆಚ್ಚಾಗಿ ಹುಳಿ, ಸಾರ ಕಳೆದುಕೊಂಡವು. ಬಯೋಚಾರ್ ಅಲ್ಲಿ ಸುಣ್ಣದ ಕೆಲಸ ಮಾಡಿ ರಸಸಾರ ಏರಿಸಿತು, ಒಂದಷ್ಟು ಪೋಷಕಾಂಶವನ್ನೂ ಕೊಟ್ಟಿತು. ಮೊದಲೇ ಚೆನ್ನಾಗಿರುವ ಮಣ್ಣಿಗೆ ಇದರಿಂದ ಸೇರುವುದು ಅಷ್ಟರಲ್ಲೇ ಇದೆ. ಒಂದು ವಿಷಯ ಮರೆಯಬೇಡಿ. ಆ ಪ್ರಯೋಗಗಳಲ್ಲಿ ಹಾಕಿದ್ದು ಸಾಮಾನ್ಯವಾಗಿ ಹೆಕ್ಟೇರಿಗೆ 15 ಟನ್‌ನಷ್ಟು. ಅಷ್ಟು ಹಾಕುವುದು ರೈತರ ಕೈಗೆ ಎಟುಕುವ ಮಾತಲ್ಲ.

ನಿಮ್ಮ ರಸಸಾರ 5.6. ಬಯೋಚಾರ್ ಇಲ್ಲಿ ಸಹಾಯಕ್ಕೆ ಬರುತ್ತದೆ. ಆದರೆ ಹುಳಿ ತೆಗೆಯುವುದೇ ಮುಖ್ಯ ಉದ್ದೇಶವಾದರೆ ಕೃಷಿ ಸುಣ್ಣ ಅದಕ್ಕಿಂತ ಸುಲಭ, ಬೇಗ. ಬಯೋಚಾರ್‌ನ ಸುಣ್ಣದ ಗುಣ ಬೂದಿಯಿಂದ ಬಂದದ್ದು. ವರ್ಷ ಕಳೆದಂತೆ ಮಳೆಗೆ ತೊಳೆದುಹೋಗುತ್ತದೆ. ನೂರಾರು ವರ್ಷ ಉಳಿಯುವುದು ಇಂಗಾಲ, ಬೂದಿಯ ಗುಣ ಅಲ್ಲ.

ಇದನ್ನು ಓದುತ್ತಿರುವವರಲ್ಲಿ ಯಾರದ್ದಾದರೂ ರಸಸಾರ 8ರ ಹತ್ತಿರ ಇರುವ ಜಿಗುಟು ಜೇಡಿ ಮಣ್ಣಾಗಿದ್ದರೆ, ಅವರಿಗೆ ನನ್ನ ಮಾತು ಬೇರೆ. ಬಯೋಚಾರ್‌ಗೆ ಶ್ರಮ ಹಾಕಬೇಡಿ. ಜೇಡಿ ಮಣ್ಣು ನೀರನ್ನೂ ಪೋಷಕಾಂಶವನ್ನೂ ತಾನೇ ಹಿಡಿದಿಡುತ್ತದೆ. ಅಲ್ಲಿ ಬೇಕಿರುವುದು ಗಾಳಿಯಾಟ, ಸಡಿಲತೆ. ಅದಕ್ಕೆ ಕಾಂಪೋಸ್ಟ್, ಹಸಿರೆಲೆ ಗೊಬ್ಬರ ಸಾಕು. ಬೂದಿ ಜಾಸ್ತಿ ಇರುವ ಬಯೋಚಾರ್ ಹಾಕಿದರೆ ಸತುವಿನ ಕೊರತೆಯನ್ನು ಕೈಯಾರೆ ತಂದುಕೊಂಡಂತೆ.

ಸುಡುವುದು ಹೇಗೆ, ಏನನ್ನು?

ಹೌದು, ನೀವೇ ಮಾಡಿಕೊಳ್ಳಬಹುದು. ಆದರೆ ಮೆಕ್ಕೆಜೋಳದ ದಂಟನ್ನು ದಯವಿಟ್ಟು ಇದಕ್ಕೆ ಬಳಸಬೇಡಿ. ದಂಟು ತೆಳ್ಳಗಿರುತ್ತದೆ, ಬುಸ್ಸೆಂದು ಉರಿದು ಹೆಚ್ಚಿನದು ಬೂದಿಯಾಗುತ್ತದೆ. ಅದಕ್ಕಿಂತ ಮುಖ್ಯ, ಮರಳು ನೆಲಕ್ಕೆ ದಂಟಿನ ಮುಚ್ಚಿಗೆ ಮಾಡುವ ಉಪಕಾರವನ್ನು ಇದ್ದಿಲು ಮಾಡಲಾರದು. ಕತ್ತರಿಸಿ ಸಾಲಿನ ನಡುವೆ ಹಾಸಿ. ಬಿಸಿಲು ತಡೆಯುತ್ತದೆ, ತೇವ ಉಳಿಯುತ್ತದೆ, ಕೆಳಗೆ ಎರೆಹುಳು ಸೇರುತ್ತವೆ, ಕೊನೆಗೆ ಅದೇ ಗೊಬ್ಬರವಾಗುತ್ತದೆ. ಮಣ್ಣು ತಿನ್ನಬಲ್ಲದ್ದನ್ನು ಮಣ್ಣಿಗೇ ಕೊಡಬೇಕು, ದನ ತಿನ್ನುವುದನ್ನು ದನಕ್ಕೆ ಕೊಡಬೇಕು. ಎರಡಕ್ಕೂ ಬಾರದ್ದು, ಬೇಗ ಕೊಳೆಯದ್ದು, ಸುಮ್ನೆ ಬದುವಿನಲ್ಲಿ ಬೆಂಕಿಗೆ ಬೀಳುವುದು ಇದೆಯಲ್ಲ, ಅದು ಬಯೋಚಾರ್‌ಗೆ. ನಿಮ್ಮ ಬೇಲಿ ಮರದ ಕೊಂಬೆಗಳು, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಇದಕ್ಕೆ ಹೇಳಿ ಮಾಡಿಸಿದವು. ಬಣ್ಣ ಬಳಿದ ಮರ, ಪ್ಲೈವುಡ್, ಪ್ಲಾಸ್ಟಿಕ್ ಸುತ್ತಿದ ಕಸ ಹತ್ತಿರಕ್ಕೂ ಬರಬಾರದು.

ಡ್ರಮ್ಮು, ಕುಲುಮೆ ಏನೂ ಬೇಡ. ಮೇಲೆ ಅಗಲ, ಕೆಳಗೆ ಕಿರಿದಾಗುವ ಲಾಳಿಕೆ ಆಕಾರದ ಗುಂಡಿ ತೋಡಿ. ಬಾಯಿ ಒಂದೂವರೆ ಮೀಟರ್, ಆಳ ಮುಕ್ಕಾಲು ಮೀಟರ್ ಇದ್ದರೆ ಸಾಕು. 2014ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಇಥಾಕಾ ಸಂಸ್ಥೆಯಲ್ಲಿ ಇದೇ ತತ್ವದ ಲೋಹದ ಕುಲುಮೆ ಮಾಡಿ 'ಕಾನ್-ಟಿಕಿ' ಎಂದು ಹೆಸರಿಟ್ಟರು. ಮಣ್ಣಿನ ಗುಂಡಿ ಅದರ ಬಡ ರೂಪ, ಕೆಲಸ ಅದೇ.

ಕಟ್ಟಿಗೆ ಚೆನ್ನಾಗಿ ಒಣಗಿರಲಿ, ಮಣಿಕಟ್ಟಿಗಿಂತ ದಪ್ಪ ಬೇಡ. ತಳದಲ್ಲಿ ಸಣ್ಣ ಕಡ್ಡಿಗಳನ್ನು ಜೋಡಿಸಿ ಮೇಲಿನಿಂದ ಬೆಂಕಿ ಹಚ್ಚಿ. ಕೆಂಡದ ಮೇಲೆ ಬಿಳಿ ಬೂದಿ ತೆಳ್ಳಗೆ ಮೂಡಿತು ಅಂದರೆ ಮುಂದಿನ ಪದರ ಹಾಕುವ ಹೊತ್ತು. ಮೇಲಿನ ಜ್ವಾಲೆ ಬರುವ ಗಾಳಿಯನ್ನೆಲ್ಲ ತಾನೇ ಬಳಸಿಕೊಳ್ಳುತ್ತದೆ, ಕೆಳಗಿನ ಕೆಂಡಕ್ಕೆ ಗಾಳಿ ಸಿಗುವುದಿಲ್ಲ. ಅದಕ್ಕೇ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಹೊಗೆ ಮೇಲೆ ಕಣ್ಣಿಡಿ. ಸರಿಯಾಗಿ ಉರಿಯುವಾಗ ಹೊಗೆ ಬಹುತೇಕ ಇರುವುದಿಲ್ಲ. ಬಿಳಿ ಹೊಗೆ ಎದ್ದಿತು ಅಂದರೆ ಕಟ್ಟಿಗೆ ಹಸಿ ಇದೆ ಅಥವಾ ನೀವು ಅವಸರ ಮಾಡಿ ಒಂದೇ ಸಲ ಜಾಸ್ತಿ ಹಾಕಿದ್ದೀರಿ. ಪದರ ತಡವಾದರೆ ಬೂದಿ ಜಾಸ್ತಿ, ಬೇಗ ಹಾಕಿದರೆ ಅರೆಬೆಂದ ಕೊಳ್ಳಿ ಜಾಸ್ತಿ. ಒಂದೆರಡು ಸಲ ಮಾಡಿದರೆ ಕೈಗೆ ಹದ ಸಿಕ್ಕಿಬಿಡುತ್ತದೆ.

ಗುಂಡಿ ತುಂಬಿದ ಮೇಲೆ ನೀರು ಸುರಿದು ಆರಿಸಿ. ಧಾರಾಳವಾಗಿ ಸುರಿಯಿರಿ. ಬಿಸಿ ಹಬೆ ಮುಖಕ್ಕೆ ಬಡಿಯುತ್ತದೆ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡ ಉಳಿದಿರುತ್ತದೆ. ಕೆದಕಿ, ಮತ್ತೆ ನೀರು ಹಾಕಿ, ಕೈ ಇಟ್ಟರೆ ತಣ್ಣಗಿದೆ ಎನ್ನಿಸುವವರೆಗೂ ಅಲ್ಲಿಂದ ಕದಲಬೇಡಿ. ಒಣ ಇದ್ದಿಲಿನ ರಾಶಿ ಒಳಗೊಳಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹಾಗಾಗಿ ಒಕ್ಕಲು ಕಣದ ಹತ್ತಿರ, ಹುಲ್ಲಿನ ಮೆದೆ ಪಕ್ಕ ಇಡಲೇಬೇಡಿ.

ಇದ್ದಿಲು ಚೆನ್ನಾಗಿ ಬೆಂದಿದೆಯಾ ಎಂದು ನೋಡಲು ಒಂದು ತುಂಡನ್ನು ಅಂಗೈಯಲ್ಲಿ ತಿಕ್ಕಿ ಕೈ ತೊಳೆಯಿರಿ. ಬರೀ ನೀರಿಗೆ ಕಪ್ಪು ಹೋದರೆ ಒಳ್ಳೆಯದು. ಸೋಪು ಹಾಕಿದರೂ ಜಿಡ್ಡು ಜಿಡ್ಡಾಗಿ ಅಂಟಿಕೊಂಡರೆ ಒಳಗೆ ಡಾಂಬರಿನಂಥ ಅಂಶ ಉಳಿದಿದೆ. ಅಂಥದ್ದು ಮೊಳಕೆಗೆ ಕೆಡುಕು, ಮುಂದಿನ ಸಲದ ಬೆಂಕಿಗೆ ಮತ್ತೆ ಹಾಕಿ. ಅನುಮಾನ ಇದ್ದರೆ ಎರಡು ಕುಂಡ ತಗೊಳ್ಳಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಹತ್ತರಲ್ಲಿ ಒಂದು ಪಾಲು ಬಯೋಚಾರ್ ಬೆರೆಸಿದ ಮಣ್ಣು. ಎರಡಕ್ಕೂ ಇಪ್ಪತ್ತಿಪ್ಪತ್ತು ಬೀಜ ಹಾಕಿ ಒಂದು ವಾರ ನೋಡಿ. ಮೊಳಕೆಯ ಸಂಖ್ಯೆ ಕಡಿಮೆಯಾದರೆ, ಬೇರಿನ ತುದಿ ಕಂದಿದರೆ ಆ ಬಯೋಚಾರ್ ಹೊಲಕ್ಕೆ ಬೇಡ.

ಗೊಬ್ಬರದೊಳಗೆ ಮಾಗಿಸುವುದು

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಜನ ಬಿಟ್ಟುಬಿಡುವುದೂ ಇದನ್ನೇ.

ತಣ್ಣಗಾದ ಇದ್ದಿಲನ್ನು ಒದ್ದೆ ಇರುವಾಗಲೇ ಕುಟ್ಟಿ. ಒಣಗಿದ ಮೇಲೆ ಕುಟ್ಟಿದರೆ ದೂಳು ಎದೆಗೆ ಸೇರುತ್ತದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಕಡಲೆಕಾಳಿನ ಗಾತ್ರಕ್ಕೆ ಬಂದರೆ ಸಾಕು, ನುಣ್ಣಗೆ ಪುಡಿ ಮಾಡಬೇಕಿಲ್ಲ. ಗೊಬ್ಬರದ ಗುಂಡಿಗೆ ಸಗಣಿ, ಕಸ ಹಾಕುವಾಗ ಒಂಬತ್ತು ಬುಟ್ಟಿಗೆ ಒಂದು ಬುಟ್ಟಿಯಂತೆ ಈ ಪುಡಿಯನ್ನು ಪದರ ಪದರವಾಗಿ ಸೇರಿಸಿ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಲಿ. ಮೂರು ನಾಲ್ಕು ವಾರಕ್ಕೊಮ್ಮೆ ತಿರುವಿ ಹಾಕಿ. ಎರಡು ಮೂರು ತಿಂಗಳಿಗೆ ತಯಾರು.

ಇದರಿಂದ ಲಾಭ ಎರಡೂ ಕಡೆ. ಗೊಬ್ಬರ ಕಾವೇರಿದಾಗ ಅಮೋನಿಯಾ ಆಗಿ ಹಾರಿಹೋಗುವ ಸಾರಜನಕವನ್ನು ಇದ್ದಿಲು ಹಿಡಿದುಕೊಳ್ಳುತ್ತದೆ. ಗುಂಡಿಯ ಪಕ್ಕ ನಿಂತರೆ ಮೂಗಿಗೇ ಗೊತ್ತಾಗುತ್ತದೆ, ಘಾಟು ಕಡಿಮೆ ಇರುತ್ತದೆ. ಇತ್ತ ಇದ್ದಿಲಿನ ಮೇಲ್ಮೈಗೆ ಸಾವಯವ ಪದಾರ್ಥದ ತೆಳು ಲೇಪ ಕೂರುತ್ತದೆ, ರಂಧ್ರಗಳಲ್ಲಿ ನೈಟ್ರೇಟ್ ರೂಪದ ಸಾರಜನಕ ತುಂಬಿಕೊಳ್ಳುತ್ತದೆ. ಇದನ್ನು ಪರೀಕ್ಷಿಸಿದ ಪ್ರಯೋಗವೂ ಇದೆ. ಅದೇ ಬಯೋಚಾರನ್ನು ಹಸಿಯಾಗಿ ಹಾಕಿದಾಗ ಗಿಡದ ಬೆಳವಣಿಗೆ ಕುಗ್ಗಿತು, ಕಾಂಪೋಸ್ಟ್‌ನಲ್ಲಿ ಮಾಗಿಸಿ ಹಾಕಿದಾಗ ಹಲವು ಪಟ್ಟು ಹೆಚ್ಚಿತು. ಪಕ್ಕದ ಹೊಲದವರಿಗೆ ಇದನ್ನು ಹೇಳಿ. ಅವರು ಹಾಕಿದ್ದು ಹಾಳಾಗಿಲ್ಲ. ಸಾರಜನಕದ ಕೊರತೆಯೇ ಆಗಿದ್ದರೆ, ಈ ಸಲ ಅದೇ ಜಾಗಕ್ಕೆ ಒಳ್ಳೆಯ ಗೊಬ್ಬರ ಕೊಟ್ಟರೆ ಸರಿಹೋಗುತ್ತದೆ.

ಮನೆಯಲ್ಲಿ ದನ ಇದ್ದರೆ ಇನ್ನೂ ಸುಲಭದ ದಾರಿ ಇದೆ. ಪುಡಿಯನ್ನು ಒದ್ದೆ ಮಾಡಿ ದನ ನಿಲ್ಲುವ ಕಡೆ, ಗಂಜಲ ಹರಿಯುವ ಜಾಗದಲ್ಲಿ ಹಾಸಿ. ಗಂಜಲ ಕುಡಿದ ಮೇಲೆ ಸಗಣಿಯ ಜೊತೆಗೇ ಬಾಚಿ ಗುಂಡಿಗೆ ಹಾಕಿ. ದನದ ಗಂಜಲದಲ್ಲಿ ಸಾರಜನಕ, ಪೊಟ್ಯಾಷ್ ಚೆನ್ನಾಗಿದೆ, ಹೆಚ್ಚಿನ ಕಡೆ ಅದು ನೆಲಕ್ಕೆ ಇಂಗಿ ಹೋಗುತ್ತದೆ. ನೇಪಾಳದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಕುಂಬಳಕಾಯಿ ಪ್ರಯೋಗವೊಂದರಲ್ಲಿ ಗಂಜಲ ಹೀರಿಸಿದ ಬಯೋಚಾರನ್ನು ಬೇರಿನ ಬಳಿ ಮಾತ್ರ ಹಾಕಿದ್ದರು. ಹೆಕ್ಟೇರಿಗೆ ಬರೀ 750 ಕೆಜಿ, ಅಂದರೆ ಎಕರೆಗೆ 300 ಕೆಜಿ. ಗಂಜಲ ಮಾತ್ರ ಕೊಟ್ಟ ತಾಕಿಗಿಂತ ನಾಲ್ಕು ಪಟ್ಟು ಕಾಯಿ ಬಂದಿತ್ತು. ಬಯೋಚಾರ್ ಮಾತ್ರ ಹಾಕಿದ ತಾಕಿಗಿಂತ ಶೇ. 85 ಹೆಚ್ಚು. ಒಂದು ಪ್ರಯೋಗ ನೋಡಿ ನಾಲ್ಕು ಪಟ್ಟಿನ ಕನಸು ಕಾಣಬೇಡಿ. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಪ್ರಮಾಣ. ಇಷ್ಟು ಕಡಿಮೆ ಬಯೋಚಾರ್‌ನಿಂದ ಕೆಲಸ ಆಗುತ್ತದೆ ಅಂದರೆ ಅದು ನಿಮ್ಮ ಬೇಲಿ ಕೊಂಬೆಗೆ ನಿಲುಕುವ ಲೆಕ್ಕ.

ಹಾಗಾಗಿ ನೀವು ಹೀಗೆ ಮಾಡಿ. ಮೂರು ಎಕರೆಗೂ ಗೊಬ್ಬರ, ಮುಚ್ಚಿಗೆ ಎಂದಿನಂತೆ ನಡೆಯಲಿ. ಬೆಳೆ ಇಲ್ಲದ ತಿಂಗಳುಗಳಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಸೆಣಬಿನ ಬೀಜ ಚೆಲ್ಲಿ, ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ ಮಣ್ಣಿಗೆ ಸೇರಿಸಿ. ಮರಳು ನೆಲಕ್ಕೆ ಇದರಷ್ಟು ಅಗ್ಗದ ಸಾವಯವ ಪದಾರ್ಥ ಇನ್ನೊಂದಿಲ್ಲ. ಬಯೋಚಾರ್ ಬೆರೆತ ಗೊಬ್ಬರವನ್ನು ಮಾತ್ರ ಗುಣಿ ಮಾಡಿ ನೆಡುವ ಬೆಳೆಗೆ, ತರಕಾರಿ ಸಾಲಿಗೆ, ಹಣ್ಣಿನ ಗಿಡದ ಬುಡಕ್ಕೆ ಮೀಸಲಿಡಿ. ಪ್ರತಿ ಗುಣಿಗೆ ಎರಡು ಮೂರು ಬೊಗಸೆ ಹಾಕಿ ಮಣ್ಣಿನ ಜೊತೆ ಕಲಸಿ. ಬೇರಿನ ಸುತ್ತಲಿನ ಮಣ್ಣಿನಲ್ಲಿ ಬಯೋಚಾರ್ ಹತ್ತರಲ್ಲಿ ಒಂದು ಪಾಲು ದಾಟದಿರಲಿ. ಮೇಲೆ ಚೆಲ್ಲಿ ಬಿಟ್ಟರೆ ಹಗುರವಾದ ಇದ್ದಿಲು ಮೊದಲ ಜೋರು ಮಳೆಗೆ ತೇಲಿ ಬದುವಿಗೆ ಹೋಗುತ್ತದೆ. ಮುಂದಿನ ವರ್ಷ ಬೇರೆ ಜಾಗಕ್ಕೆ ಹಾಕಿ. ಹೀಗೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ನೆಲ ವಿಸ್ತರಿಸುತ್ತಾ ಹೋಗಬಹುದು.

ಇನ್ನೆರಡು ಎಚ್ಚರಿಕೆ. ಬಿತ್ತಿದ ಕೂಡಲೇ ಮಣ್ಣಿಗೆ ಸಿಂಪಡಿಸುವ ಕಳೆನಾಶಕ ಬಳಸುತ್ತೀರಾದರೆ, ಬಯೋಚಾರ್ ಇರುವ ಕಡೆ ಅದರ ಶಕ್ತಿ ಕುಂದುತ್ತದೆ. ಇದ್ದಿಲು ಔಷಧವನ್ನು ಹೀರಿಕೊಂಡುಬಿಡುತ್ತದೆ. ಔಷಧದ ಪ್ರಮಾಣ ಏರಿಸಲು ಹೋಗಬೇಡಿ, ಅಲ್ಲಿ ಕೈಯಿಂದಲೇ ಕಳೆ ತೆಗೆಸಿ. ಎರಡನೆಯದು ಮಣ್ಣು ಪರೀಕ್ಷೆ. ಸಾವಯವ ಇಂಗಾಲ ಅಳೆಯಲು ಹೆಚ್ಚಿನ ಪ್ರಯೋಗಾಲಯಗಳು ವಾಕ್ಲಿ-ಬ್ಲ್ಯಾಕ್ ವಿಧಾನ ಬಳಸುತ್ತವೆ. ಅದರಲ್ಲಿ ಬಳಸುವ ರಾಸಾಯನಿಕಕ್ಕೆ ಇದ್ದಿಲಿನ ಗಟ್ಟಿ ಇಂಗಾಲ ಪೂರ್ತಿ ಕರಗುವುದಿಲ್ಲ. ನೀವು ಹಾಕಿದಷ್ಟು ಇಂಗಾಲ ವರದಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಒಂದು ರೀತಿಯಲ್ಲಿ ಇದು ಒಳ್ಳೆಯದೇ. ಆ ಅಂಕಿ ಏರಿದರೆ ಮಣ್ಣಿನಲ್ಲಿ ಜೀವಿಗಳು ತಿನ್ನಬಲ್ಲ ಇಂಗಾಲ ಹೆಚ್ಚಿದೆ ಎಂದು ಅಂದಾಜು ಸಿಗುತ್ತದೆ, ಅದು ಗೊಬ್ಬರದ ಕೆಲಸ.

ಕೊನೆಯದಾಗಿ, ನನ್ನ ಮಾತನ್ನೂ ಹಾಗೇ ನಂಬಬೇಡಿ, ನಿಮ್ಮ ಹೊಲದಲ್ಲೇ ನೋಡಿ. ಒಂದೇ ಥರದ ಮಣ್ಣಿರುವ ಕಡೆ ಅಕ್ಕಪಕ್ಕ ನಾಲ್ಕು ಸಾಲು ಆರಿಸಿ. ಒಂದಕ್ಕೆ ಏನೂ ಬೇಡ. ಒಂದಕ್ಕೆ ಗೊಬ್ಬರ ಮಾತ್ರ, ಒಂದಕ್ಕೆ ಬಯೋಚಾರ್ ಮಾತ್ರ, ಇನ್ನೊಂದಕ್ಕೆ ಎರಡೂ ಸೇರಿಸಿ ಮಾಗಿಸಿದ್ದು. ಬೀಜ, ನೀರು, ಕಳೆ ತೆಗೆಯುವುದು ಎಲ್ಲದಕ್ಕೂ ಒಂದೇ ಸಮ ಇರಲಿ. ಮಳೆ ಬಂದು ಮೂರು ದಿನ ಕಳೆದ ಮೇಲೆ ಪ್ರತಿ ಸಾಲಿನಲ್ಲಿ ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿ ಕಟ್ಟಿ ನೋಡಿ, ಯಾವುದು ಉಂಡೆಯಾಗುತ್ತದೆ, ಯಾವುದು ಉದುರುತ್ತದೆ ಅಂತ. ಕೊಯ್ಲಿನಲ್ಲಿ ಸಾಲು ಸಾಲಾಗಿ ತೂಗಿ ಬರೆದಿಡಿ. ಒಂದು ಬೆಳೆಗೆ ತೀರ್ಮಾನ ಮಾಡಬೇಡಿ. ಎರಡನೇ ವರ್ಷ ಯಾವ ಸಾಲಿಗೂ ಹೊಸದಾಗಿ ಬಯೋಚಾರ್ ಹಾಕದೆ, ಎರಡು ಮತ್ತು ನಾಲ್ಕನೇ ಸಾಲಿಗೆ ಮಾತ್ರ ಗೊಬ್ಬರ ಕೊಟ್ಟು ಮತ್ತೆ ತೂಗಿ. ಆಗ ನಾಲ್ಕನೇ ಸಾಲು ಎರಡನೆಯದಕ್ಕಿಂತ ಮುಂದಿದ್ದರೆ ನಿಮ್ಮ ನೆಲಕ್ಕೆ ಬಯೋಚಾರ್ ಒಗ್ಗಿದೆ, ಮುಂದುವರಿಸಿ. ಎರಡೂ ಒಂದೇ ಸಮ ಬಂದರೆ ಕೊಂಬೆ ಸುಡುವ ಶ್ರಮ ಬಿಟ್ಟು, ಆ ಸಮಯವನ್ನು ಗೊಬ್ಬರದ ಗುಂಡಿಗೆ ಕೊಡಿ.